ಹೊಂಚಿನ ಡೇರೆಯೂ ಶ್ರಾವಕನ ವ್ಯಾಪಾರವೂ

ಬೇಟೆಗಾರನು ಅಡಗಿ ಕೂರುವ ಡೇರೆಯನ್ನೂ ಆ ಡೇರೆಯೊಳಗೆ ಅವನು ಹಾಕಿಕೊಳ್ಳುವ ಆಸನವನ್ನೂ ಆರಿಸಿಕೊಡುವುದು, ಮಾರುವುದು, ಮಾರಿ ಬಂದ ಲಾಭದಲ್ಲಿ ಬಾಳುವುದು ಶ್ರಾವಕನಿಗೆ ದೋಷವೋ ಅಲ್ಲವೋ? ಈ ಪ್ರಶ್ನೆ ನಮ್ಮ ವಾಚಕರಲ್ಲಿ ಅನೇಕರಿಗೆ ವಿಚಿತ್ರವಾಗಿ ತೋರಬಹುದು. ಇಂತಹ ಸರಕು ನಮ್ಮ ಊರುಗಳ ಅಂಗಡಿಬೀದಿಯಲ್ಲಿ ಕಾಣಿಸುವಂಥದಲ್ಲ. ಆದರೆ ನಮ್ಮ ಮಕ್ಕಳು, ಅಳಿಯಂದಿರು, ಮೊಮ್ಮಕ್ಕಳು ಇಂದು ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ನೆಲೆಸಿದ್ದಾರೆ. ಕೆಲವರು ನೌಕರಿ ಬಿಟ್ಟು ವ್ಯಾಪಾರಕ್ಕೆ ಇಳಿದಿದ್ದಾರೆ. ಶಿಬಿರದ ಸಾಮಗ್ರಿ, ಕ್ರೀಡಾ ಸಾಮಗ್ರಿ, ಹೊರಾಂಗಣದ ಪೀಠೋಪಕರಣ ಎಂಬ ನಿರಪಾಯಕರವಾದ ಹೆಸರುಗಳ ಜೊತೆಯಲ್ಲಿ ಈ ಸರಕೂ ಅಂಗಡಿಯ ದಾಸ್ತಾನನ್ನು ಸೇರುತ್ತದೆ. ಇತ್ತ ನಮ್ಮಲ್ಲಿ ಬಟ್ಟೆ ನೇಯಿಸುವವರಿಗೂ ಡೇರೆ ಹೊಲಿಸಿ ರಫ್ತು ಮಾಡುವವರಿಗೂ ಎಲೆ, ತೊಗಟೆ, ಒಣಹುಲ್ಲುಗಳ ಚಿತ್ರ ಮುದ್ರಿಸಿದ ಬಟ್ಟೆಗೆ ಬೇಡಿಕೆ ಬಂದರೆ ಆಶ್ಚರ್ಯವಿಲ್ಲ. ಆಗ ಮನೆಯ ಹಿರಿಯರು ಕೇಳಿದರೆ ದೊರೆಯುವ ಉತ್ತರ ಒಂದೇ: “ಬಂದೂಕು ಮಾರಿದರೆ ತಪ್ಪು, ಬಾಣ ಮಾರಿದರೆ ತಪ್ಪು. ಬಟ್ಟೆಯಿಂದಲೂ ಕುರ್ಚಿಯಿಂದಲೂ ಯಾವ ಜೀವ ಸಾಯುತ್ತದೆ?”

ಈ ಉತ್ತರವನ್ನು ಕೇಳಿ ಹಿರಿಯರು ಸುಮ್ಮನಾಗುತ್ತಾರೆ. ಸುಮ್ಮನಾಗಬಾರದು ಎಂಬುದೇ ಈ ಲೇಖನದ ಉದ್ದೇಶ. ಈ ವಾದವು ಶಾಸ್ತ್ರದ ಮುಂದೆ ನಿಲ್ಲುವುದಿಲ್ಲ, ವ್ಯಾಪಾರದ ವಿವೇಕದ ಮುಂದೆಯೂ ನಿಲ್ಲುವುದಿಲ್ಲ.

ಸರಕಿನ ಸ್ವರೂಪ

ವಸ್ತುವನ್ನು ಅರಿಯದೆ ಖಂಡಿಸುವುದು ಸಮ್ಯಗ್ಜ್ಞಾನವನ್ನು ಬಯಸುವವನಿಗೆ ಶೋಭಿಸದು. ಆದ್ದರಿಂದ ಮೊದಲು ಸರಕನ್ನೇ ಪರಿಶೀಲಿಸೋಣ.

ಈ ಡೇರೆಗೆ ಅಲ್ಲಿಯವರು ‘ಗ್ರೌಂಡ್ ಬ್ಲೈಂಡ್’ ಎನ್ನುತ್ತಾರೆ. ಬ್ಲೈಂಡ್ ಎಂದರೆ ಕುರುಡು ಎಂಬುದನ್ನು ಎಲ್ಲರೂ ಬಲ್ಲರು; ಪ್ರಾಣಿಯ ಕಣ್ಣನ್ನು ಕುರುಡಾಗಿಸುವ ಮರೆ ಎಂದು ತಾತ್ಪರ್ಯ. ಹೊಂಚು ಹಾಕುವುದು ಎಂಬ ಮಾತು ನಮ್ಮ ನುಡಿಯಲ್ಲಿ ಮೊದಲಿನಿಂದಲೂ ಇರುವುದರಿಂದ ಇದನ್ನು ಹೊಂಚಿನ ಡೇರೆ ಎಂದು ಕರೆಯುತ್ತೇನೆ. ನಾಲ್ಕು ಗೋಡೆ, ಒಂದು ಮಾಡು. ಪ್ರತಿಯೊಂದರ ನಡುವೆ ಒಂದು ಗುಂಬ. ಆ ಗುಂಬದಿಂದ ಮೂಲೆಗಳಿಗೆ ಚಾಚಿದ ಫೈಬರ್‌ಗ್ಲಾಸ್ ಕಡ್ಡಿಗಳು. ಪಟ್ಟಿಯನ್ನು ಹಿಡಿದು ಹೊರಕ್ಕೆ ಎಳೆದರೆ ಗೋಡೆ ಬಿಗಿಯಾಗಿ ನಿಲ್ಲುತ್ತದೆ. ಒಬ್ಬನೇ ಮನುಷ್ಯ ಒಂದೆರಡು ನಿಮಿಷದಲ್ಲಿ ಅದನ್ನು ನಿಲ್ಲಿಸಬಹುದು. ಮಡಚಿ ಚೀಲಕ್ಕೆ ತುಂಬಿ ಬೆನ್ನಿಗೆ ಹಾಕಿಕೊಳ್ಳಬಹುದು. ಸಾಮಾನ್ಯವಾಗಿ ತೂಕ 7ರಿಂದ 11 ಕಿಲೋ. ನಿಂತಾಗ ಅಗಲ ಐದಾರು ಅಡಿ, ಎತ್ತರವೂ ಹೆಚ್ಚುಕಡಿಮೆ ಅಷ್ಟೇ.

ಹೊರಮೈಯಲ್ಲಿ ಕಾಡಿನ ಚಿತ್ರವಿದ್ದರೆ ಒಳಮೈಗೆ ಕಪ್ಪು ಬಣ್ಣ. ಒಳಗೆ ಬೆಳಕು ಬಿದ್ದರೆ ಬೇಟೆಗಾರನ ಆಕಾರವೂ ಕೈಯ ಚಲನೆಯೂ ಪ್ರಾಣಿಗೆ ಕಾಣಿಸಿಬಿಡುತ್ತದೆ. ಆದ್ದರಿಂದ ಅವನೂ ಕಪ್ಪು ಉಡುಪು ಧರಿಸಬೇಕೆಂದು ತಿಳಿದವರು ಹೇಳುತ್ತಾರೆ. ಕಿಟಕಿಗೆ ಜಿಪ್ ಇದ್ದರೆ ಸದ್ದಾಗುತ್ತದೆ. ಅದಕ್ಕೆ ಕೊಕ್ಕೆ ಅಥವಾ ಅಯಸ್ಕಾಂತ. ಕೆಲವು ಕಿಟಕಿಗಳಿಗೆ ಬಾಣವು ತೂರಿಹೋಗಬಲ್ಲ ತೆಳು ಜಾಳಿಗೆ. ಇನ್ನು ಕೆಲವು ಡೇರೆಗಳಿಗೆ ಒಳಗಿನಿಂದ ಹೊರಗೆ ಕಾಣುವ, ಹೊರಗಿನಿಂದ ಒಳಗೆ ಕಾಣದ ಬಟ್ಟೆ. ಹೊಸ ಬಟ್ಟೆಯ ವಾಸನೆ ಹೋಗಲೆಂದು ಮೊದಲೇ ಗಾಳಿಗೆ ಹರಡಬೇಕು. ಹೊರಗೋಡೆಯಲ್ಲಿ ಅಲ್ಲಲ್ಲಿ ಕುಣಿಕೆಗಳಿದ್ದು, ಆ ಸ್ಥಳದ ರೆಂಬೆ-ಎಲೆಗಳನ್ನೇ ಮುರಿದು ಅವಕ್ಕೆ ಕಟ್ಟಬೇಕು. ಜಿಂಕೆಯ ಬೇಟೆಯಾದರೆ ದಿನಗಳ, ಸಾಧ್ಯವಾದರೆ ವಾರಗಳ ಮೊದಲೇ ನಿಲ್ಲಿಸಿಡಬೇಕು. ನಿತ್ಯವೂ ಅದೇ ದಾರಿಯಲ್ಲಿ ಓಡಾಡುವ ಪ್ರಾಣಿ ಅದನ್ನು ಕಾಡಿನ ಒಂದು ಭಾಗವೆಂದೇ ನಂಬಬೇಕು. ಟರ್ಕಿ ಎಂಬ ಕಾಡುಕೋಳಿಯಂತಹ ಪಕ್ಷಿ ಡೇರೆಯನ್ನು ಅಷ್ಟಾಗಿ ಶಂಕಿಸುವುದಿಲ್ಲವಾದ್ದರಿಂದ ಅದಕ್ಕೆ ಅದೇ ದಿನ ನಿಲ್ಲಿಸಿದರೂ ನಡೆಯುತ್ತದೆ.

ಇನ್ನು ಆಸನ. ಅದು ಕಿರುಗುಟ್ಟಬಾರದು. ಕುಳಿತವನು ಏಳದೆ, ಸದ್ದಿಲ್ಲದೆ, ಸುತ್ತಲೂ ತಿರುಗುವಂತಿರಬೇಕು. ಬಿಲ್ಲು ಎಳೆಯುವವನಾದರೆ ಕೈತೋಳುಗಳಿಲ್ಲದ ಆಸನವೇ ಆಗಬೇಕು. ಎತ್ತರವು ಕಿಟಕಿಯ ಎತ್ತರಕ್ಕೆ ಹೊಂದಬೇಕು. ಕೆಸರಿನಲ್ಲಿ ಹೂತುಹೋಗದಂತೆ ಕಾಲುಗಳಿಗೆ ಅಗಲವಾದ ಪಾದಗಳಿರಬೇಕು. ಬೆನ್ನಿಗೆ ಆಧಾರವಿರಬೇಕು, ಏಕೆಂದರೆ ಬೆನ್ನು ನೊಂದವನು ಅಲುಗಾಡುತ್ತಾನೆ, ಅಲುಗಾಡಿದವನ ಬೇಟೆ ತಪ್ಪಿಹೋಗುತ್ತದೆ.

ವಾಚಕರು ಈ ಗುಣಗಳನ್ನು ಮತ್ತೊಮ್ಮೆ ಒಂದೊಂದಾಗಿ ಎಣಿಸಬೇಕು. ಮಳೆಗಾಗಿ ಹೊಲಿದ ಡೇರೆಯಲ್ಲಿ ಮನುಷ್ಯನ ಮೈ ನೆನೆಯಬಾರದೆಂಬುದು ಲಕ್ಷ್ಯ. ಇಲ್ಲಿಯ ಒಂದೊಂದು ಗುಣದ ಎದುರಿಗೂ ಪ್ರಾಣಿಯ ಒಂದೊಂದು ಇಂದ್ರಿಯವಿದೆ. ಕಪ್ಪು ಬಣ್ಣವೂ ಎಲೆಯ ಚಿತ್ರವೂ ಅದರ ಕಣ್ಣಿಗೆ. ಸದ್ದಿಲ್ಲದ ಕೊಕ್ಕೆ, ಕಿರುಗುಟ್ಟದ ಕುರ್ಚಿ ಅದರ ಕಿವಿಗೆ. ಗಾಳಿಗೆ ಹರಡುವ ಎಚ್ಚರ ಅದರ ಮೂಗಿಗೆ. ವಾರಗಟ್ಟಲೆ ನಿಲ್ಲಿಸಿ ರೂಢಿ ಮಾಡಿಸುವುದು ಅದರ ಮನಸ್ಸಿಗೆ. ಜಿಂಕೆ ಸಂಜ್ಞೀ ಪಂಚೇಂದ್ರಿಯ ಜೀವ. ಜೀವದ ಹತ್ತು ಪ್ರಾಣಗಳನ್ನು ಎಣಿಸುವಾಗ ನಮ್ಮ ಆಚಾರ್ಯರು ಐದು ಇಂದ್ರಿಯಗಳನ್ನೇ ಮೊದಲು ಹೇಳುತ್ತಾರೆ. ಬಾಣವು ಆಯುಷ್ಯವೆಂಬ ಪ್ರಾಣವನ್ನು ಹರಣ ಮಾಡುತ್ತದೆ. ಅದಕ್ಕೂ ಮೊದಲು ಇಂದ್ರಿಯ ಪ್ರಾಣಗಳನ್ನು ನಿರರ್ಥಕಗೊಳಿಸುವ ಕೆಲಸವನ್ನು ಈ ಡೇರೆಯೂ ಈ ಆಸನವೂ ಮಾಡಿ ಮುಗಿಸಿರುತ್ತವೆ. ಕೊಲೆಯ ಅರ್ಧ ಭಾಗ ನಡೆದುಹೋಗಿರುವಾಗ ಬಟ್ಟೆಯಿಂದ ಏನಾಯಿತು ಎಂದು ಕೇಳುವುದು ಹೇಗೆ?

ಇನ್ನೊಂದು ಸಂಗತಿ ಗಮನಾರ್ಹ. ವಿಸ್ಕಾನ್ಸಿನ್ ರಾಜ್ಯದಲ್ಲಿ ಬಂದೂಕಿನ ಜಿಂಕೆ ಬೇಟೆಯ ಋತುವಿನಲ್ಲಿ ಅಲ್ಲಿಯ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಜಮೀನಿನಲ್ಲಿ ನಿಲ್ಲಿಸಿದ ಇಂತಹ ಡೇರೆಯ ಮೇಲೆ ಎಲ್ಲ ದಿಕ್ಕುಗಳಿಂದಲೂ ಕಾಣುವಂತೆ ಕನಿಷ್ಠ 144 ಚದರ ಇಂಚು ಕಣ್ಣು ಕೋರೈಸುವ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಬಟ್ಟೆ ಇರಬೇಕೆಂದು ನಿಯಮವಿದೆ. ಇನ್ನೊಬ್ಬ ಬೇಟೆಗಾರನ ಗುಂಡು ಒಳಗಿರುವ ಮನುಷ್ಯನಿಗೆ ತಗುಲಬಾರದೆಂಬುದು ಕಾರಣ. ಜಿಂಕೆಯ ಕಣ್ಣಿಗೆ ಕಿತ್ತಳೆ ಬಣ್ಣ ಹಸಿರಿನಿಂದ ಬೇರೆಯಾಗಿ ತೋರುವುದಿಲ್ಲ. ಮನುಷ್ಯನಿಗೆ ಎಚ್ಚರಿಕೆ ಸಲ್ಲಬೇಕು, ಪ್ರಾಣಿಗೆ ಸಲ್ಲಬಾರದು ಎಂಬ ನೀತಿ ಒಂದು ತುಂಡು ಬಟ್ಟೆಯಲ್ಲಿ ಇಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಕಾಣಸಿಗದು. ಆ ನಿಯಮವನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಮನುಷ್ಯಪ್ರಾಣ ಉಳಿಯುವುದು ಒಳ್ಳೆಯದೇ. ಈ ಸರಕಿಗೆ ಇರುವುದು ಒಂದೇ ಪ್ರಯೋಜನ ಎಂಬುದಕ್ಕೆ ಮಾತ್ರ ಅದು ಸಾಕ್ಷಿ.

ಶಾಸ್ತ್ರದ ನಿರ್ಣಯ

ಬೇಟೆಯು ಸಪ್ತವ್ಯಸನಗಳಲ್ಲಿ ಒಂದು. ಅಣುವ್ರತಗಳನ್ನು ಸ್ವೀಕರಿಸುವುದಕ್ಕೂ ಮೊದಲೇ, ಜೈನನೆಂಬ ಹೆಸರಿಗೆ ಅರ್ಹನಾಗಲು ಬಿಡಬೇಕಾದ ದುಶ್ಚಟಗಳಲ್ಲಿ ಅದು ಸೇರಿದೆ. ಗೃಹಸ್ಥನಿಗೆ ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳು ಸಂಪೂರ್ಣವಾಗಿ ತಪ್ಪುವುದಿಲ್ಲ. ಒಲೆ ಹೊತ್ತಿಸಬೇಕು, ಹೊಲ ಉಳಬೇಕು, ಆತ್ಮರಕ್ಷಣೆ ಮಾಡಿಕೊಳ್ಳಬೇಕು. ಆದರೆ ಸಂಕಲ್ಪೀ ಹಿಂಸೆಗೆ, ಕೊಲ್ಲಬೇಕೆಂದೇ ಕೊಲ್ಲುವುದಕ್ಕೆ, ಯಾವ ರಿಯಾಯಿತಿಯೂ ಇಲ್ಲ. ಇಷ್ಟನ್ನು ಪಾಠಶಾಲೆಯ ಮಕ್ಕಳೂ ಬಲ್ಲರು.

ನಮ್ಮ ವ್ಯಾಪಾರಿ ಮಿತ್ರರು ಬೇಟೆಯಾಡುವುದಿಲ್ಲ. “ನಾನು ಸಂಕಲ್ಪ ಮಾಡಲಿಲ್ಲ, ಕೊಳ್ಳುವವನು ಮಾಡಿದ” ಎನ್ನುತ್ತಾರೆ. ಇದಕ್ಕೆ ಉತ್ತರ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿದೆ. ಸಂರಂಭ, ಸಮಾರಂಭ, ಆರಂಭ ಎಂದು ಉಮಾಸ್ವಾತಿ ಆಚಾರ್ಯರು ಕರ್ಮದ ಆಸ್ರವಕ್ಕೆ ಮೂರು ಮೆಟ್ಟಿಲುಗಳನ್ನು ಹೇಳುತ್ತಾರೆ. ಕೊಲ್ಲಬೇಕೆಂಬ ನಿಶ್ಚಯ ಸಂರಂಭ. ಅದಕ್ಕೆ ಬೇಕಾದ ಸಾಧನಗಳನ್ನು ಕೂಡಿಸುವುದು ಸಮಾರಂಭ. ಕೃತ್ಯಕ್ಕೆ ತೊಡಗುವುದು ಆರಂಭ. ಇಂದು ನಾವು ಸಭೆ-ಉತ್ಸವಗಳಿಗೆ ಬಳಸುವ ಸಮಾರಂಭ ಎಂಬ ಪದಕ್ಕೆ ಶಾಸ್ತ್ರದಲ್ಲಿರುವ ಅರ್ಥ ಇದು. ಈ ಮೂರನ್ನು ಮನ-ವಚನ-ಕಾಯಗಳೆಂಬ ಮೂರರಿಂದ, ಕೃತ-ಕಾರಿತ-ಅನುಮತಗಳೆಂಬ ಮೂರರಿಂದ, ಕ್ರೋಧ-ಮಾನ-ಮಾಯಾ-ಲೋಭಗಳೆಂಬ ನಾಲ್ಕರಿಂದ ಗುಣಿಸಿದರೆ 108 ಆಗುತ್ತದೆ. ಜಪಮಾಲೆಯ ಮಣಿಗಳ ಸಂಖ್ಯೆಗೆ ನಮ್ಮ ಹಿರಿಯರು ಕೊಡುತ್ತಿದ್ದ ವಿವರಣೆಯೂ ಇದೇ. ನಿತ್ಯವೂ ಆ ಮಣಿಗಳನ್ನು ಎಣಿಸುವ ಕೈ ಹೊಂಚಿನ ಡೇರೆಗೂ ಕುರ್ಚಿಗೂ ಬಿಲ್ಲು ಬರೆದರೆ, ಎಣಿಸಿದ ಮಣಿಗಳಲ್ಲಿ ಒಂದರ ಅರ್ಥವೂ ಅದಕ್ಕೆ ತಿಳಿದಿಲ್ಲವೆಂದೇ ಆಯಿತು. ಸಾಧನವನ್ನು ಕೂಡಿಸಿಕೊಟ್ಟವನು ಸಮಾರಂಭದಲ್ಲಿ ಭಾಗಿ. ಅದರಲ್ಲಿರುವ ಕಷಾಯ ಕ್ರೋಧವಲ್ಲದಿರಬಹುದು, ಲೋಭವಂತೂ ಹೌದು.

ಅದೇ ಅಧ್ಯಾಯದಲ್ಲಿ ಅಜೀವಾಧಿಕರಣದ ವಿಚಾರವಿದೆ. ನಿರ್ಜೀವ ವಸ್ತುವಿಗೆ ಪಾಪವಿಲ್ಲ. ಆದರೆ ಅದನ್ನು ನಿರ್ಮಿಸುವುದು, ಇಡುವುದು, ಒಂದಕ್ಕೊಂದು ಸಂಯೋಗಗೊಳಿಸುವುದು, ಪ್ರವರ್ತಿಸುವುದು ಇವು ಆಸ್ರವಕ್ಕೆ ಆಶ್ರಯವಾಗುತ್ತವೆ. ಡೇರೆ ಹೊಲಿಸುವವನು, ಕಾಡಿನಲ್ಲಿ ನಿಲ್ಲಿಸುವವನು, ಅದರೊಳಗೆ ಕುರ್ಚಿಯನ್ನೂ ಬಿಲ್ಲನ್ನೂ ಹೊಂದಿಸುವವನು ಯಾರೇ ಆಗಲಿ, ಸೂತ್ರಕಾರರ ದೃಷ್ಟಿಯಿಂದ ತಪ್ಪಿಸಿಕೊಳ್ಳಲಾರನು. ಶ್ವೇತಾಂಬರ ಪರಂಪರೆಯಲ್ಲಿ ಹೇಮಚಂದ್ರಾಚಾರ್ಯರು ಅನರ್ಥದಂಡ ವ್ರತದ ಅತಿಚಾರಗಳಲ್ಲಿ ಸಂಯುಕ್ತಾಧಿಕರಣವನ್ನು ಎಣಿಸುತ್ತಾರೆ. ಬಿಲ್ಲಿನ ಜೊತೆಗೆ ಬಾಣವನ್ನು ಹೊಂದಿಸಿ ಸಿದ್ಧವಾಗಿಡುವುದೂ ದೋಷವೆಂಬುದು ಅದರ ಭಾವ. ಬಿಡಿಯಾಗಿ ನಿರಪಾಯವಾದವು ಕೂಡಿದಾಗ ಘಾತಕವಾಗುತ್ತವೆ. ಬೇಟೆಯ ಸಾಮಗ್ರಿಯ ಅಂಗಡಿ ಎಂದರೆ ಸಂಯುಕ್ತಾಧಿಕರಣವೇ ಅಲ್ಲವೇ?

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಭೇದಗಳನ್ನು ಹೇಳುತ್ತಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಹಿಂಸಾದಾನವನ್ನು ವಿವರಿಸುವಾಗ ಅವರು ಖಡ್ಗವನ್ನು ಮಾತ್ರ ಹೆಸರಿಸಿ ನಿಲ್ಲಿಸಿಲ್ಲ. ಅಗೆಯುವ ಗುದ್ದಲಿಯೂ ಕಟ್ಟುವ ಸಂಕೋಲೆಯೂ ಆ ಪಟ್ಟಿಯಲ್ಲಿವೆ. ಸಂಕೋಲೆ ಯಾರನ್ನೂ ಇರಿಯುವುದಿಲ್ಲ; ಜೀವವನ್ನು ಇರಿಯುವವನ ವಶಕ್ಕೆ ಒಪ್ಪಿಸುತ್ತದೆ, ಅಷ್ಟೇ. ಹೊಂಚಿನ ಡೇರೆ ಆ ಜಾತಿಗೆ ಸೇರಿದ ವಸ್ತು.

ಪಾಪೋಪದೇಶದ ವಿಚಾರದಲ್ಲಿ ಅಕಲಂಕದೇವರ ರಾಜವಾರ್ತಿಕ ಇನ್ನೂ ಸೂಕ್ಷ್ಮವಾಗಿದೆ. ಬಲೆಗಾರನಿಗೆ, ಹಂದಿ ಬೇಟೆಗಾರನಿಗೆ, ಹಕ್ಕಿ ಹಿಡಿಯುವವನಿಗೆ ಇಂಥ ಪ್ರದೇಶದಲ್ಲಿ ಇಂಥ ಪ್ರಾಣಿಗಳಿವೆ ಎಂದು ಹೇಳುವ ಬರಿಯ ಮಾತನ್ನೇ ಅವರು ವಧಕೋಪದೇಶವೆಂದು ಕರೆದಿದ್ದಾರೆ. ಹಾಗಾದರೆ ಗಿರಾಕಿಯ ಎದುರು ನಿಂತು, “ಈ ಡೇರೆಯ ಕಿಟಕಿ ಸದ್ದು ಮಾಡುವುದಿಲ್ಲ, ಈ ಆಸನದಲ್ಲಿ ಕುಳಿತರೆ ಬಿಲ್ಲನ್ನು ಪೂರ್ಣವಾಗಿ ಎಳೆಯಬಹುದು, ಗಾಳಿ ಎದುರಿನಿಂದ ಬೀಸುವಂತೆ ನಿಲ್ಲಿಸಿಕೊಳ್ಳಿ” ಎಂದು ಸಲಹೆ ಕೊಡುವ ಮಾರಾಟಗಾರನ ಮಾತು ಏನಾಯಿತು? ಸಾವಿರ ವರ್ಷಕ್ಕೂ ಹಿಂದಿನ ಆಚಾರ್ಯರು ಆ ಅಂಗಡಿಯ ಬಾಗಿಲಲ್ಲಿ ನಿಂತು ಬರೆದಂತಿದೆ.

ನೇಮಿನಾಥ ಸ್ವಾಮಿಯ ವೃತ್ತಾಂತ ಎಲ್ಲರಿಗೂ ಪರಿಚಿತ. ಮದುವೆಯ ಮೆರವಣಿಗೆಯ ದಾರಿಯಲ್ಲಿ ಸ್ವಾಮಿಯು ಕಂಡದ್ದು ಏನು? ಕತ್ತಿಯನ್ನಲ್ಲ, ರಕ್ತವನ್ನಲ್ಲ, ಒಂದು ಬೇಲಿಯನ್ನು, ಅದರೊಳಗೆ ಆರ್ತನಾದ ಮಾಡುತ್ತಿದ್ದ ಮೃಗಗಳನ್ನು. ಬೇಲಿ ಬರಿಯ ಮರ. ಆ ಮರದಿಂದ ಯಾವ ಜೀವವೂ ಸತ್ತಿರಲಿಲ್ಲ. ಬೇಲಿ ಹಾಕಿಸಿದವರು ಬೇರೆಯವರು, ಕೊಲ್ಲಬೇಕಾಗಿದ್ದವರು ಇನ್ನೂ ಬೇರೆಯವರು. ಆದರೂ ತನ್ನ ವಿವಾಹದ ನಿಮಿತ್ತ ಆ ಬೇಲಿ ನಿಂತಿದೆ ಎಂಬಷ್ಟೇ ಸಂಬಂಧ ಸಾಕಾಯಿತು, ರಥ ಹಿಂದಿರುಗಿತು. ಬಟ್ಟೆಯಿಂದ ಯಾವ ಜೀವ ಸಾಯುತ್ತದೆ ಎಂದು ಕೇಳುವವರು ಮರದ ಬೇಲಿಯಿಂದ ಯಾವ ಜೀವ ಸತ್ತಿತು ಎಂದು ನೇಮಿನಾಥ ಸ್ವಾಮಿಯನ್ನು ಕೇಳಬೇಕು. ಯಶೋಧರನ ಕಥೆಯಲ್ಲಂತೂ ಬಲಿಯಾದದ್ದು ಹಿಟ್ಟಿನ ಕೋಳಿ. ಜನ್ನ ಕವಿಯು 1209ರಲ್ಲಿ ಆ ಕಥೆಯನ್ನು ಕನ್ನಡಿಸಿದಂದಿನಿಂದ ನಮ್ಮ ಮನೆಗಳಲ್ಲಿ ಅದನ್ನು ಕೇಳುತ್ತ ಬಂದಿದ್ದೇವೆ. ವ್ಯಾಪಾರಕ್ಕೆ ಬಂದಾಗ ಮಾತ್ರ ಮರೆತಂತೆ ನಟಿಸುತ್ತೇವೆ.

ಎರಡು ಬಗೆಯ ನಿಶ್ಚಲತೆ

ಬೇಟೆಯ ಆಸನವನ್ನು ಹೊಗಳುವವರು ಅದರಲ್ಲಿ ಗಂಟೆಗಟ್ಟಲೆ ಅಲುಗಾಡದೆ ಕೂರಬಹುದು ಎನ್ನುತ್ತಾರೆ. ಅಲುಗಾಡದೆ ಕೂರುವುದು ನಮಗೂ ಅಪರಿಚಿತವಲ್ಲ. ಸಾಮಾಯಿಕದಲ್ಲಿ 48 ನಿಮಿಷ ಕೂರುವುದಕ್ಕೆ ನಮ್ಮ ತರುಣರು ಕಾಲು ನೋವೆನ್ನುತ್ತಾರೆ. ಬೇಟೆಗಾರನು ಚಳಿಯಲ್ಲಿ ಅರ್ಧ ದಿನ ಕೂರುತ್ತಾನೆ. ಅವನಲ್ಲಿ ಏಕಾಗ್ರತೆಯೂ ಇದೆ. ಆದರೆ ಏಕಾಗ್ರತೆಯೆಲ್ಲ ಧರ್ಮವಲ್ಲವೆಂದೇ ಧ್ಯಾನವನ್ನು ಆರ್ತ, ರೌದ್ರ, ಧರ್ಮ್ಯ, ಶುಕ್ಲ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಹಿಂಸೆಯಲ್ಲಿ ಆನಂದಿಸುತ್ತ ಅದನ್ನೇ ಚಿಂತಿಸುವುದು ರೌದ್ರಧ್ಯಾನದ ಮೊದಲ ಭೇದ. ಸುಖಕರವಾದ ಆಸನವು ಆ ರೌದ್ರಧ್ಯಾನದ ಕಾಲವನ್ನು ಒಂದು ಗಂಟೆಯಿಂದ ಆರು ಗಂಟೆಗೆ ಹಿಗ್ಗಿಸುತ್ತದೆ. ಬಾಣ ಬಿಡುವುದು ಒಂದು ಕ್ಷಣದ ಕೃತ್ಯ. ಕರ್ಮಬಂಧ ಆ ಕ್ಷಣಕ್ಕೆ ಸೀಮಿತವೆಂದು ಭಾವಿಸುವವರು ಡೇರೆಯೊಳಗಿನ ಉಳಿದ ಗಂಟೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಶ್ರವಣಬೆಳಗೊಳದಲ್ಲಿ ಬಾಹುಬಲಿ ಸ್ವಾಮಿಯ ಸನ್ನಿಧಿಯಲ್ಲಿ ನಿಂತವರು ಆ ತೊಡೆ-ತೋಳುಗಳನ್ನು ಸುತ್ತಿರುವ ಬಳ್ಳಿಯನ್ನೂ ಪಾದದ ಬಳಿಯ ಹುತ್ತಗಳನ್ನೂ ಹಾವುಗಳನ್ನೂ ನೋಡಿದ್ದಾರೆ. ಅಲ್ಲಿಯೂ ಒಬ್ಬನು ಕಾಡಿನಲ್ಲಿ ನಿಶ್ಚಲನಾಗಿ ನಿಂತನು. ಅಲ್ಲಿಯೂ ಪ್ರಾಣಿಗಳು ಅವನನ್ನು ಕಾಡಿನ ಒಂದು ಭಾಗವೆಂದೇ ನಂಬಿದವು. ಅಲ್ಲಿಯೂ ಎಲೆ-ಬಳ್ಳಿಗಳು ಮೈಯನ್ನು ಮುಚ್ಚಿದವು. ಆ ಬಳ್ಳಿ ತಾನಾಗಿ ಹಬ್ಬಿತು. ಆ ನಂಬಿಕೆಗೆ ದ್ರೋಹವಾಗಲಿಲ್ಲ. ಹೊಂಚಿನ ಡೇರೆಯ ಕುಣಿಕೆಗೆ ರೆಂಬೆ ಮುರಿದು ಕಟ್ಟುವವನು ಅದೇ ನಿಶ್ಚಲತೆಯನ್ನು, ಅದೇ ನಂಬಿಕೆಯನ್ನು ಕೊಲ್ಲುವುದಕ್ಕೆ ಉಪಕರಣ ಮಾಡಿಕೊಳ್ಳುತ್ತಾನೆ. ಮಾಯಾ ಎಂಬ ಕಷಾಯಕ್ಕೆ ಇದಕ್ಕಿಂತ ಉತ್ತಮವಾದ ಉದಾಹರಣೆಯನ್ನು ಹುಡುಕಬೇಕಾಗಿಲ್ಲ. ಮಹಾಮಸ್ತಕಾಭಿಷೇಕಕ್ಕೆ ಕಲಶ ಕೊಳ್ಳುವ ಹಣ ಆ ಮಾಯೆಯ ಮಾರಾಟದಿಂದ ಬಂದುದಾದರೆ ಆ ಕಲಶದಲ್ಲಿ ತುಂಬಿರುವುದು ಏನು?

ಆಕ್ಷೇಪಗಳು

ನಮ್ಮವರೇ ಎತ್ತುವ ಆಕ್ಷೇಪಗಳನ್ನು ಒಂದೊಂದಾಗಿ ವಿಚಾರಿಸುತ್ತೇನೆ.

ಮೊದಲನೆಯದು: ಅಲ್ಲಿ ಬೇಟೆ ಕಾನೂನುಸಮ್ಮತ, ಲೋಕಸಮ್ಮತ. ನಿಜ. ಅಲ್ಲಿಯ ಸರ್ಕಾರದ 2022ರ ಸಮೀಕ್ಷೆಯ ಪ್ರಕಾರ ಹದಿನಾರು ವರ್ಷ ಮೇಲ್ಪಟ್ಟ ಬೇಟೆಗಾರರ ಸಂಖ್ಯೆ ಸುಮಾರು 1 ಕೋಟಿ 44 ಲಕ್ಷ. ಅವರೊಡನೆ ನಮಗೆ ಜಗಳವಿಲ್ಲ; ಅವರ ಧರ್ಮ ಅವರಿಗೆ. ಆದರೆ ಕಾನೂನು ಅನುಮತಿಸಿದ್ದೆಲ್ಲ ಶ್ರಾವಕನಿಗೆ ವಿಹಿತವಲ್ಲ. ಮದ್ಯದ ಅಂಗಡಿಗೂ ಪರವಾನಗಿ ಇದೆ. ಆ ಕಾರಣಕ್ಕಾಗಿ ನಾವು ಮದ್ಯ ಮಾರುತ್ತೇವೆಯೇ? ನಮ್ಮ ದೇಶದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಾದರೋ ಬೇಟೆಯ ವ್ಯಾಖ್ಯೆಯಲ್ಲಿ ಕೊಲ್ಲುವುದನ್ನು ಮಾತ್ರವಲ್ಲದೆ ಬಲೆಗೆ ಸಿಕ್ಕಿಸುವುದನ್ನೂ, ಆ ಉದ್ದೇಶದಿಂದ ಓಡಿಸುವುದನ್ನೂ, ಇವುಗಳ ಪ್ರಯತ್ನವನ್ನೂ ಸೇರಿಸಿದೆ. ಸಿದ್ಧತೆಗೂ ಕೃತ್ಯಕ್ಕೂ ಸಂಬಂಧವಿಲ್ಲವೆಂದು ಆಧುನಿಕ ಕಾನೂನೂ ಒಪ್ಪುವುದಿಲ್ಲ.

ಎರಡನೆಯದು: ಬೇಟೆಯಿಂದ ಕಾಡಿಗೆ ಉಪಕಾರವಿದೆ. ಇದನ್ನು ಹಗುರವಾಗಿ ತಳ್ಳಿಹಾಕಬಾರದು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಂತೆ ಬಂದೂಕು, ಮದ್ದುಗುಂಡು ಮುಂತಾದವುಗಳ ಮೇಲಿನ ತೆರಿಗೆ ಅಲ್ಲಿಯ ವನ್ಯಜೀವಿಗಳ ಸಂರಕ್ಷಣೆಗೆ ವಿನಿಯೋಗವಾಗುತ್ತದೆ. ಕಳೆದ ಶತಮಾನದ ಆರಂಭಕ್ಕೆ ಅತಿಬೇಟೆಯಿಂದ ವಿರಳವಾಗಿದ್ದ ಬಿಳಿಬಾಲದ ಜಿಂಕೆ ಇಂದು ಕೋಟಿಗಳ ಸಂಖ್ಯೆಯಲ್ಲಿದೆ. ಬೆಳೆಗೂ ರಸ್ತೆಯ ವಾಹನಗಳಿಗೂ ಅದರಿಂದ ಹಾನಿಯುಂಟು. ತೋಳಗಳನ್ನು ಮನುಷ್ಯರೇ ಅನೇಕ ಪ್ರದೇಶಗಳಲ್ಲಿ ನಿರ್ಮೂಲ ಮಾಡಿದ್ದು ಇದಕ್ಕೆ ಒಂದು ಕಾರಣವೆಂಬುದನ್ನೂ ಹೇಳಬೇಕು. ಜಿಂಕೆಗಳಿಗೆ ಗರ್ಭನಿರೋಧಕ ಲಸಿಕೆ ಹಾಕುವ ಪ್ರಯೋಗ ನ್ಯೂಯಾರ್ಕ್ ರಾಜ್ಯದ ಫೈರ್ ಐಲ್ಯಾಂಡಿನಲ್ಲಿ 1993ರಲ್ಲಿಯೇ ಆರಂಭವಾಯಿತು; ಗೋನಾಕಾನ್ ಎಂಬ ಲಸಿಕೆಗೆ 2009ರಲ್ಲಿ ಅಲ್ಲಿ ಮಾನ್ಯತೆ ದೊರೆಯಿತು. ಈ ಉಪಾಯ ಎಲ್ಲ ಕಾಡುಗಳಿಗೂ ಸಾಲುವಂಥದಲ್ಲ, ಒಪ್ಪೋಣ. ಆದರೆ ನಮ್ಮ ಪ್ರಶ್ನೆ ಅಮೆರಿಕೆಯ ಜಿಂಕೆಗಳನ್ನು ಹೇಗೆ ನಿಯಂತ್ರಿಸಬೇಕೆಂಬುದಲ್ಲ. ಶ್ರಾವಕನು ಯಾವುದರಿಂದ ಹಣ ಸಂಪಾದಿಸಬೇಕೆಂಬುದು. ಯಾವ ಜೈನ ತರುಣನೂ ಜಿಂಕೆಯ ಸಂಖ್ಯೆ ತಗ್ಗಿಸಲೆಂದು ಡೇರೆಯ ಅಂಗಡಿ ತೆರೆಯುವುದಿಲ್ಲ. ಲಾಭಕ್ಕಾಗಿ ತೆರೆದು ಕಾಡಿನ ಹೆಸರನ್ನು ಸಾಕ್ಷಿಗೆ ಕರೆಯುವುದು ಅಸತ್ಯವೂ ಆಯಿತು.

ಮೂರನೆಯದು ನಿಜಕ್ಕೂ ಬುದ್ಧಿವಂತರ ಆಕ್ಷೇಪ: ಸ್ಥಿರವಾದ ಆಸನದಲ್ಲಿ ಕುಳಿತು ಸಮೀಪದಿಂದ ಹೊಡೆದರೆ ಗುರಿ ತಪ್ಪುವುದಿಲ್ಲ, ಗಾಯಗೊಂಡು ಓಡಿಹೋಗಿ ನರಳಿ ಸಾಯುವ ಪ್ರಾಣಿಗಳು ಕಡಿಮೆಯಾಗುತ್ತವೆ, ಆದ್ದರಿಂದ ಒಳ್ಳೆಯ ಆಸನ ಮಾರುವುದು ದಯೆಯೇ. ಪ್ರಾಣಿಯ ನೋವು ಕಡಿಮೆಯಾಗುವುದು ನಿಜವಾಗಿದ್ದರೆ ಅದು ಬೇಟೆಗಾರನು ಆಲೋಚಿಸಬೇಕಾದ ವಿಷಯ. ಮಾರುವವನಿಗೆ ಅದು ರಕ್ಷಣೆಯಾಗದು. ಡೇರೆ ಇಲ್ಲದಿದ್ದರೆ ಎಚ್ಚೆತ್ತು ಓಡಿ ಬದುಕುತ್ತಿದ್ದ ಪ್ರಾಣಿಯನ್ನು ಆ ಲೆಕ್ಕದಲ್ಲಿ ಯಾರೂ ಸೇರಿಸುವುದಿಲ್ಲ.

ನಾಲ್ಕನೆಯದು: ನಮ್ಮ ಗಂಗರಸರೂ ಬೇಟೆಯಾಡಿದರು. ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೆಯ ಶತಮಾನದ ಶಾಸನವು ಬೂತುಗನ ಕಾಲದಲ್ಲಿ ಕಾಳಿ ಎಂಬ ಬೇಟೆನಾಯಿ ಕಾಡುಹಂದಿಯೊಡನೆ ಹೋರಾಡಿ ಮಡಿದುದನ್ನು ಹೇಳುತ್ತದೆ; ಇತಿಹಾಸವನ್ನು ಅಲ್ಲಗಳೆಯಲಾಗದು. ಆದರೆ ಅರಸರ ನಡತೆ ಆಗಮವಲ್ಲ. ಬಸದಿ ಕಟ್ಟಿಸಿದ ವಂಶದವರು ವ್ಯಸನವನ್ನೂ ಬಿಡದಿದ್ದರೆ, ಅವರ ಬಸದಿಯನ್ನು ಉಳಿಸಿಕೊಳ್ಳೋಣ. ವ್ಯಸನವನ್ನು ಏಕೆ ಉಳಿಸಿಕೊಳ್ಳಬೇಕು?

ಐದನೆಯದು: ಪಕ್ಷಿಗಳ ಛಾಯಾಚಿತ್ರ ತೆಗೆಯುವವರೂ ಮರೆಯಲ್ಲಿ ಕೂರುತ್ತಾರೆ, ಬೆಳೆ ಕಾಯುವ ರೈತನೂ ಅಟ್ಟಣೆಯಲ್ಲಿ ಕೂರುತ್ತಾನೆ. ಹೌದು, ಕೂರುವುದು ದೋಷವೆಂದು ಯಾರೂ ಹೇಳಿಲ್ಲ. ದರೋಜಿಯ ಕರಡಿಧಾಮದ ವೀಕ್ಷಣಾ ಗೋಪುರದಲ್ಲಿ ಜನ ಕಾದು ಕುಳಿತು ಕರಡಿಯನ್ನು ಕಣ್ತುಂಬ ನೋಡಿ ಮನೆಗೆ ಬರುತ್ತಾರೆ. ಕರಡಿಯೂ ತನ್ನ ಗುಹೆಗೆ ಹೋಗುತ್ತದೆ. ರೈತನು ಅಟ್ಟಣೆಯಿಂದ ಕೂಗಿ, ಡಬ್ಬ ಬಡಿದು, ಇಲ್ಲಿ ಮನುಷ್ಯನಿದ್ದಾನೆ ಎಂದು ಹಂದಿಗೆ ತಿಳಿಸುತ್ತಾನೆ. ಇವೆರಡನ್ನೂ ಹೊಂಚಿನೊಡನೆ ಸಮೀಕರಿಸುವುದು ವಿವೇಕವಲ್ಲ. ಬಾಣ ತೂರುವ ಜಾಳಿಗೆ, ಬಿಲ್ಲಿನ ಅಳತೆಗೆ ತಕ್ಕ ಆಸನ ಎಂದು ಹೇಳಿ ಮಾರುವ ಸರಕಿನ ಉದ್ದೇಶ ಸರಕಿನ ಮೇಲೆಯೇ ಬರೆದಿದೆ.

ಕೊನೆಯದು, ಎಲ್ಲಕ್ಕಿಂತ ಹಳೆಯದು: “ನಾನು ಮಾರದಿದ್ದರೆ ಇನ್ನೊಬ್ಬನು ಮಾರುತ್ತಾನೆ.” ಮಾರಲಿ. ಕರ್ಮಸಿದ್ಧಾಂತದಲ್ಲಿ ಪಾಲುದಾರಿಕೆಯ ವಿನಾಯಿತಿ ಇಲ್ಲ. ಒಬ್ಬನು ಕಟ್ಟಿಕೊಂಡದ್ದನ್ನು ಅವನೇ ಅನುಭವಿಸಬೇಕು. ವಾಣಿಜ್ಯಶಾಸ್ತ್ರವನ್ನು ಓದಿದವರಿಗೆ ಇನ್ನೊಂದು ಮಾತು. ಸರಕು ಕೊಂಡ ಹಣ ನೇರ ವೆಚ್ಚ, ಅಂಗಡಿಯ ಬಾಡಿಗೆ ಪರೋಕ್ಷ ವೆಚ್ಚ. ಪರೋಕ್ಷವೆಂಬ ಕಾರಣಕ್ಕೆ ಬಾಡಿಗೆಯನ್ನು ಲಾಭ-ನಷ್ಟದ ಖಾತೆಯಿಂದ ಕೈಬಿಡುವ ಲೆಕ್ಕಿಗನಿದ್ದಾನೆಯೇ? ಕೈಬಿಟ್ಟರೆ ಲೆಕ್ಕಪರಿಶೋಧಕನು ಸಹಿ ಹಾಕುವುದಿಲ್ಲ. ಹಣದ ಲೆಕ್ಕದಲ್ಲಿ ಇಷ್ಟು ಕಟ್ಟುನಿಟ್ಟಾಗಿರುವ ನಾವು ಹಿಂಸೆಯ ಲೆಕ್ಕದಲ್ಲಿ ಮಾತ್ರ ಪರೋಕ್ಷವಾದುದನ್ನು ಬರೆಯುವುದೇ ಬೇಡವೆನ್ನುತ್ತೇವೆ.

ನಮ್ಮ ಕರ್ತವ್ಯ

ನಮ್ಮ ಸಮಾಜದ ನಿಜವಾದ ರೋಗ ಇಲ್ಲಿದೆ. ಅಡಿಗೆಮನೆಯಲ್ಲಿ ನಾವು ಅತ್ಯಂತ ಜಾಗರೂಕರು: ನೀರು ಸೋಸುತ್ತೇವೆ, ಗೆಡ್ಡೆ-ಗೆಣಸು ಬಿಡುತ್ತೇವೆ, ಸೂರ್ಯಾಸ್ತದೊಳಗೆ ಊಟ ಮುಗಿಸುತ್ತೇವೆ. ಇವು ಬಿಡಬೇಕಾದವಲ್ಲ. ಆದರೆ ಖಾತೆಪುಸ್ತಕವನ್ನು ಯಾರೂ ಸೋಸುವುದಿಲ್ಲ. ಗೃಹಸ್ಥನ ಲಕ್ಷಣಗಳನ್ನು ಹೇಳುವಾಗ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ನ್ಯಾಯದಿಂದ ಗಳಿಸಿದ ಧನವನ್ನೇ ಮೊದಲು ಇಟ್ಟಿದ್ದಾರೆ. ಧನ ಶುದ್ಧವಾಗದೆ ಆಹಾರ ಶುದ್ಧವಾಗುವುದು ಹೇಗೆ?

ಕಾಲದ ಯೋಗಾಯೋಗವನ್ನೂ ನೋಡಿ. ಅಮೆರಿಕೆಯ ಹಲವು ರಾಜ್ಯಗಳಲ್ಲಿ ಬಿಲ್ಲಿನ ಬೇಟೆಯ ಋತು ಆರಂಭವಾಗುವುದು ಸೆಪ್ಟೆಂಬರಿನಲ್ಲಿ. ಆ ಋತುವಿಗೆ ಬೇಕಾದ ದಾಸ್ತಾನನ್ನು ವ್ಯಾಪಾರಿ ಅದಕ್ಕೂ ಮೊದಲೇ ತುಂಬಿಸಿಕೊಳ್ಳಬೇಕು. ಅಂದರೆ, ಹುಲ್ಲಿನ ಮೇಲಿನ ಸೂಕ್ಷ್ಮಜೀವಿಗೆ ನೋವಾದೀತೆಂದು ನಮ್ಮ ಮುನಿಗಳು ವರ್ಷಾಯೋಗದಲ್ಲಿ ವಿಹಾರವನ್ನೇ ನಿಲ್ಲಿಸಿರುವ ದಿನಗಳಲ್ಲಿ ನಮ್ಮವನೊಬ್ಬನ ಗೋದಾಮಿಗೆ ಹೊಂಚಿನ ಡೇರೆಗಳು ಬಂದು ಬೀಳುತ್ತವೆ. ನಾವು ಭಾದ್ರಪದದಲ್ಲಿ ದಶಲಕ್ಷಣ ಪರ್ವವನ್ನು ಆಚರಿಸಿ ಕ್ಷಮಾವಣಿಯಂದು ಸಕಲ ಜೀವರಾಶಿಯ ಕ್ಷಮೆ ಬೇಡುವ ಹೊತ್ತಿಗೆ ಆ ಡೇರೆಗಳು ಮಾರಾಟವಾಗಿ ಕಾಡು ಸೇರಿರುತ್ತವೆ. ಯಾವ ಜೀವದ ಎದುರು ಕೈ ಮುಗಿಯುತ್ತಿದ್ದೇವೆಂದು ಒಂದು ಕ್ಷಣ ಯೋಚಿಸಬೇಡವೇ? 1893ರಲ್ಲಿ ಷಿಕಾಗೋ ಸರ್ವಧರ್ಮ ಸಮ್ಮೇಳನಕ್ಕೆ ವೀರಚಂದ ಗಾಂಧಿಯವರು ಜೈನರ ಪ್ರತಿನಿಧಿಯಾಗಿ ಹೋದರು. ಅವರು ಹೋದ ದೇಶಕ್ಕೆ ನಾವು ಕೊಂಡೊಯ್ಯುವ ಸರಕು ಇದಾಗಬಾರದು.

ಆದ್ದರಿಂದ ಕುಟುಂಬದ ಹಿರಿಯರಲ್ಲಿ ಮೊದಲ ವಿನಂತಿ. ಮಗನೋ ಅಳಿಯನೋ ಊರಿಗೆ ಬಂದಾಗ ಮನೆ ಎಷ್ಟು ದೊಡ್ಡದು ಎಂದು ಕೇಳುವ ಜೊತೆಗೆ ಅಂಗಡಿಯಲ್ಲಿ ಏನೇನು ಮಾರುತ್ತೀಯೆ ಎಂದೂ ಕೇಳಿ. ಗದರಿಸಬೇಕಾಗಿಲ್ಲ. ಮಳೆಯ ಡೇರೆ, ಶಿಬಿರದ ಮಂಚ, ಮಕ್ಕಳ ಆಟದ ಸಾಮಾನು, ಛಾಯಾಗ್ರಾಹಕರ ಉಪಕರಣ ಇಷ್ಟು ಸರಕಿರುವ ಅಂಗಡಿ ಬೇಟೆಯ ಒಂದು ಕಪಾಟನ್ನು ಖಾಲಿ ಮಾಡಿದರೆ ಮುಳುಗಿಹೋಗುವುದಿಲ್ಲ. ಸ್ವಲ್ಪ ನಷ್ಟವಾದರೆ ಅದು ವ್ರತದ ಬೆಲೆ. ಬೆಲೆಯಿಲ್ಲದ ವ್ರತವನ್ನು ಯಾರು ಬೇಕಾದರೂ ಪಾಲಿಸಬಹುದು. ನೇಯ್ಗೆ, ಹೊಲಿಗೆ, ರಫ್ತಿನ ಉದ್ಯಮದಲ್ಲಿರುವವರು ಬೇಡಿಕೆ ಪತ್ರದಲ್ಲಿ ಸರಕಿನ ಬಳಕೆ ಏನೆಂದು ಬರೆಯಿಸಿಕೊಳ್ಳಲಿ. ತಿಳಿಯದೆ ಮಾರಿದ್ದು ಬೇರೆ; ತಿಳಿಯಬಾರದೆಂದೇ ಕೇಳದೆ ಮಾರಿದ್ದು ಬೇರೆ.

ಎರಡನೆಯ ವಿನಂತಿ ಬಸದಿಗಳ ಧರ್ಮದರ್ಶಿಗಳಲ್ಲಿ. ಇದನ್ನು ಹೇಳಲು ಸ್ವಲ್ಪ ಧೈರ್ಯ ಬೇಕು, ಕೇಳಲೂ ಬೇಕು. ಜೀರ್ಣೋದ್ಧಾರಕ್ಕೆ, ಮಾನಸ್ತಂಭಕ್ಕೆ, ಪಂಚಕಲ್ಯಾಣ ಮಹೋತ್ಸವಕ್ಕೆ ವಿದೇಶದ ಬಂಧುಗಳ ದ್ರವ್ಯ ಬರುತ್ತಿದೆ. ಅವರ ಶ್ರದ್ಧೆಗೆ ನಾವು ಋಣಿಗಳು. ಆದರೆ ದಾನಿಯ ಹೆಸರನ್ನು ಶಿಲಾಫಲಕದಲ್ಲಿ ಕೆತ್ತಿಸುವ ಮೊದಲು ದ್ರವ್ಯದ ಮೂಲವನ್ನು ಕೇಳುವ ಪದ್ಧತಿ ನಮ್ಮಲ್ಲಿಲ್ಲ; ಕೇಳಿದರೆ ದಾನಿ ಮುನಿದಾನೆಂಬ ಭಯ. ಪ್ರತಿಯೊಂದು ಟ್ರಸ್ಟ್ ತನ್ನ ಮುಂದಿನ ವಾರ್ಷಿಕ ಸಭೆಯಲ್ಲಿ ಒಂದು ನಿರ್ಣಯ ಮಾಡಲಿ: ಬೇಟೆಯ ಆಯುಧ, ಬಲೆ, ಹೊಂಚಿನ ಡೇರೆ, ಬೇಟೆಯ ಆಸನ ಮುಂತಾದ ಸಾಮಗ್ರಿಗಳ ವ್ಯಾಪಾರದಿಂದ ಬಂದುದೆಂದು ತಿಳಿದ ದ್ರವ್ಯವನ್ನು ಸ್ವೀಕರಿಸುವುದಿಲ್ಲ, ಟ್ರಸ್ಟಿನ ಮಳಿಗೆಗಳನ್ನು ಅಂತಹ ವ್ಯಾಪಾರಕ್ಕೆ ಬಾಡಿಗೆ ಕೊಡುವುದಿಲ್ಲ, ಪಾಠಶಾಲೆಯಲ್ಲಿ ಅನರ್ಥದಂಡ ವ್ರತವನ್ನು ಹೆಸರು ಬಾಯಿಪಾಠ ಮಾಡಿಸದೆ ಇಂದಿನ ವೃತ್ತಿಗಳ ಉದಾಹರಣೆಯೊಡನೆ ಬೋಧಿಸುತ್ತದೆ. ದಾನದ ಪಾವತಿ ಪುಸ್ತಕದಲ್ಲಿ ‘ನ್ಯಾಯೋಪಾರ್ಜಿತ’ ಎಂಬ ಒಂದು ಪದವನ್ನು ಮುದ್ರಿಸಿ ದಾನಿಯ ಸಹಿ ಪಡೆಯುವುದಕ್ಕೆ ಖರ್ಚೇನೂ ಇಲ್ಲ.

ಇದರಿಂದ ಒಂದೆರಡು ದೇಣಿಗೆಗಳು ನಿಂತುಹೋಗಬಹುದು. ಯಾವುದೋ ಒಂದು ಮಾನಸ್ತಂಭ ಎರಡು ವರ್ಷ ತಡವಾಗಿ ಏಳಬಹುದು. ಏಳಲಿ. ತನ್ನ ನಿಮಿತ್ತ ಕಟ್ಟಿದ ಬೇಲಿಯನ್ನು ಕಂಡು ಮದುವೆಯ ರಥವನ್ನೇ ಹಿಂದಿರುಗಿಸಿದ ಸ್ವಾಮಿಯ ಬಸದಿಗೆ ಎರಡು ವರ್ಷದ ವಿಳಂಬ ದೊಡ್ಡದಲ್ಲ.